ಅಮೃತಾಪುರಕ್ಕೆ ತಡವಾಗಿ ಹೋದ ಹಾಡು

ಮದುವೆಮನೆಯಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆಯುವಾಗ ನಮ್ಮ ಕಡೆ ಹೆಂಗಸರು ಹಾಡು ಹೇಳುತ್ತಾರೆ. ಆ ಹಾಡಿಗೆ ಇಬ್ಬರು ಬೇಕು. ಒಬ್ಬಳು ಒಂದು ಸಾಲು ಹೇಳಿ ನಿಲ್ಲಿಸುತ್ತಾಳೆ, ಇನ್ನೊಬ್ಬಳು ಮುಂದಿನ ಸಾಲು ಎತ್ತಿಕೊಳ್ಳುತ್ತಾಳೆ. ಒಬ್ಬಳೇ ಎರಡೂ ಹೇಳಿದರೆ ಅದು ಹಾಡಲ್ಲ, ಮೇಷ್ಟ್ರಿಗೆ ಪಾಠ ಒಪ್ಪಿಸಿದ ಹಾಗೆ ಅನ್ನೋರು ನಮ್ಮ ಅಕ್ಕ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ, ನನ್ನ ಓರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಅವರ ಮನೆ ಅಜ್ಜಂಪುರದಲ್ಲಿ, ನಮ್ಮದು ಕಡೂರಿನಲ್ಲಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಾರು ನೆಟ್ಟಗೆ ಮಾಡೋಕೆ ಬರುತ್ತಿರಲಿಲ್ಲ. ಅತ್ತೆಗೆ ಗೊತ್ತಾಗದ ಹಾಗೆ ಪಕ್ಕದಲ್ಲಿ ನಿಂತು ಉಪ್ಪು ಹುಳಿ ಹೇಳಿಕೊಟ್ಟವರು ಅವರು. ಅಂಥ ಓರಗಿತ್ತಿ ಸಿಕ್ಕಿದ್ದೇ ನನ್ನ ಮೇಲೆ ದೇವರಿಟ್ಟ ಮೊದಲನೇ ದಯೆ ಅಂದುಕೊಂಡಿದ್ದೇನೆ.

ಅಕ್ಕನ ತವರು ಹಿರೇನಲ್ಲೂರು. ಅದೇ ಬೀದಿಯಲ್ಲಿ ಹುಟ್ಟಿದ ಅವರ ಗೆಳತಿಯನ್ನು ಅಮೃತಾಪುರಕ್ಕೆ ಕೊಟ್ಟಿದ್ದರು. ಇಬ್ಬರೂ ಅಕ್ಕನ ಅಜ್ಜಿಯ ಹತ್ತಿರವೇ ಹಾಡು ಕಲಿತವರು. ಸುತ್ತಮುತ್ತ ಯಾರ ಮನೆ ಮದುವೆ ಇದ್ದರೂ ಇವರಿಬ್ಬರಿಗೆ ಎಲೆ ಅಡಿಕೆ ಇಟ್ಟು ಕರೆಯುತ್ತಿದ್ದರು. ಅಕ್ಕ ಸಾಲು ಹೇಳುತ್ತಿದ್ದರು, ಗೆಳತಿ ಎತ್ತಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಹಾಗೇ ನಡೆಯಿತು.

ಆಮೇಲೆ ತರೀಕೆರೆಯ ಒಂದು ಛತ್ರದಲ್ಲಿ ಅದು ನಿಂತುಹೋಯಿತು. ಗೆಳತಿಗೆ ಅವತ್ತು ಕೆಮ್ಮು. ಪುರೋಹಿತರು ಮುಹೂರ್ತ ಮೀರುತ್ತದೆ ಅಂತ ಅವಸರ ಮಾಡುತ್ತಿದ್ದರು. ಗೆಳತಿ ಉಸಿರು ತೆಗೆದುಕೊಳ್ಳೋಕೆ ಒಂದು ಗಳಿಗೆ ನಿಂತಾಗ ಅಕ್ಕ ಕಾಯಲಿಲ್ಲ. ಗೆಳತಿಯ ಸಾಲನ್ನೂ ತಾವೇ ಹೇಳಿ, ಹಾಡು ಮುಗಿಸಿಬಿಟ್ಟರು. ಗೆಳತಿ ಎದ್ದು, ಬ್ಯಾಗು ತಗೊಂಡು, ಊಟವನ್ನೂ ಮಾಡದೆ ಬಸ್‌ಸ್ಟ್ಯಾಂಡಿಗೆ ಹೋದರು. ನಾನು ಹಿಂದೆ ಓಡಿದೆ.

"ನೂರು ಜನದ ಮುಂದೆ ನನ್ನ ಬಾಯಿಂದ ಕಿತ್ಕೊಂಡ್ಳು ಕಣೇ. ಹಾಡ್ಕೊಳ್ಲಿ ಬಿಡು, ಒಬ್ಳೇ ಹಾಡ್ಕೊಳ್ಲಿ," ಅಂದರು.

ವಾಪಸ್ಸು ಬಂದು ಅಕ್ಕನಿಗೆ ಹೇಳಿದರೆ ಅವರೂ ಮೂತಿ ತಿರುಗಿಸಿದರು. "ಮುಹೂರ್ತ ಮೀರ್ತಿತ್ತು. ನಾನೇನ್ ಮಾಡ್ಲಿ? ಎರ್ಡು ದಿನ ಬಿಟ್ರೆ ತಾನಾಗೇ ಬತ್ತಾಳೆ."

ಎರಡು ದಿನ ಅಲ್ಲ, ಒಂಬತ್ತು ವರ್ಷ ಆಯಿತು. ಇಬ್ಬರೂ ಹಾಡುವುದನ್ನೇ ಬಿಟ್ಟರು.

ಹೋದ ವರ್ಷ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು, ಆದರೆ ಮಾತು ಹೋಗುತ್ತದೆ ಅಂದರು ಡಾಕ್ಟರು. ಆಪರೇಷನ್ನಿಗೆ ಇನ್ನು ಒಂದು ವಾರ ಇದೆ ಅನ್ನುವಾಗ ಅಕ್ಕ ನಮ್ಮನೆಗೆ ಬಂದರು. ಬಂದವರೇ ನನ್ನ ಸೊಸೆಯನ್ನು ಕರೆದು, "ಲೇ, ನಿನ್ನ ಫೋನಲ್ಲಿ ನನ್ ಹಾಡು ಹಿಡ್ದಿಡು," ಅಂದರು.

ದೇವರಮನೆಯಲ್ಲಿ ಕೂರಿಸಿದೆವು, ಅಲ್ಲಿಗೆ ರಸ್ತೆ ಸದ್ದು ಬರೋದಿಲ್ಲ ಅಂತ. ಫೋಟೋ ತೆಗೆಯೋದಲ್ಲ, ಬರೀ ದನಿ ಅಂತ ಎಷ್ಟು ಹೇಳಿದರೂ ಕೇಳದೆ ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದರು. ದಿನಕ್ಕೆ ಐದಾರು ಹಾಡು. ದನಿ ಒರಟಾಗಿತ್ತು, ಆದರೂ ದಾರಿ ತಪ್ಪಲಿಲ್ಲ. ಒಂದು ಸಾಲು ಹೇಳಿ ನಿಲ್ಲಿಸೋರು, ಸುಮ್ಮನೆ ಎದುರಿನ ಗೋಡೆ ನೋಡೋರು, ಮತ್ತೆ ತಮ್ಮ ಮುಂದಿನ ಸಾಲು ಹೇಳೋರು. ನಡುವಿನ ಸಾಲು ಹೇಳುತ್ತಲೇ ಇರಲಿಲ್ಲ.

ಸೊಸೆ ಕೇಳಿದಳು, "ದೊಡ್ಡತ್ತೆ, ಮಧ್ಯಮಧ್ಯ ಖಾಲಿ ಇದೆ. ಕಟ್ ಮಾಡ್ಲಾ? ಇಲ್ಲಾ ಆ ಸಾಲೂ ನೀವೇ ಹೇಳ್ಬಿಡಿ."

"ಮುಟ್ಬೇಡ," ಅಂದರು ಅಕ್ಕ. "ಅದು ಅವ್ಳ ಜಾಗ."

ಅವಳು ಅಂದರೆ ಯಾರು ಅಂತ ಸೊಸೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆಪರೇಷನ್ ಆಯಿತು. ಜೀವ ಉಳಿಯಿತು, ಮಾತು ಹೋಯಿತು. ಆಸ್ಪತ್ರೆಗೆ ಹೋಗಿಬರೋಕೆ ಅನುಕೂಲ ಅಂತ ನಮ್ಮನೆಯಲ್ಲೇ ಉಳಿಸಿಕೊಂಡೆವು. ಭಾವ ಭಾನುವಾರ ಬಂದು ನೋಡಿಕೊಂಡು ಹೋಗೋರು. ಅಕ್ಕನಿಗೆ ಒಂದು ಸ್ಲೇಟು ತಂದುಕೊಟ್ಟೆ. ಬರೆಯೋರು, ತೋರಿಸೋರು, ಸೆರಗಿನಲ್ಲಿ ಒರೆಸೋರು. ನುಂಗೋಕೆ ಆಗುತ್ತಿತ್ತಲ್ಲ, ರಾಗಿ ಗಂಜಿ ಇಳಿಯುತ್ತಿತ್ತಲ್ಲ, ಅದನ್ನೇ ದೊಡ್ಡದು ಅಂದುಕೊಂಡೆವು.

ನನ್ನ ಸೊಸೆ ಮನೆಯಲ್ಲೇ ರವಿಕೆಗಳಿಗೆ ಆರಿ ವರ್ಕ್ ಕಸೂತಿ ಮಾಡುತ್ತಾಳೆ. ರೀಲ್ಸ್ ಹಾಕುವ ಆಪಿನಲ್ಲಿ ಅವಳದೊಂದು ಪೇಜು ಇದೆ. ಯಾರಾದರೂ ಕೆಳಗೆ ಕಾಮೆಂಟಿನಲ್ಲಿ ಅವಳು ಹೇಳಿದ ಮಾತು ಬರೆದರೆ ಸಾಕು, ಅವರ ಮೆಸೇಜಿಗೆ ಡಿಸೈನುಗಳ ಲಿಂಕು ತಾನಾಗೇ ಹೋಗುತ್ತದೆ. ಇವಳು ಕೈಯಲ್ಲಿ ಸೂಜಿ ಹಿಡಿದಿದ್ದರೂ ಹೋಗುತ್ತದೆ, ಮಲಗಿದ್ದರೂ ಹೋಗುತ್ತದೆ. ಅದಕ್ಕೆ ನಾನು ಮಿಶಿನ್ನು ಅಂತಲೇ ಹೆಸರಿಟ್ಟಿದ್ದೆ. ಅಕ್ಕನ ಹಾಡಿಗೂ ಹಾಗೇ ಒಂದು ಪೇಜು ಮಾಡಿದಳು. ಒಂದೊಂದು ತುಣುಕು ಹಾಕೋದು. ಪೂರ್ತಿ ಬೇಕು ಅನ್ನೋರು "ಹಾಡು" ಅಂತ ಬರೆದರೆ ಎಲ್ಲಾ ಹಾಡು ಇಟ್ಟಿರುವ ಜಾಗದ ಲಿಂಕು ಅವರಿಗೆ ಹೋಗಬೇಕು.

ಕೇಳೋರು ಬಂದರು. ಲಿಂಕು ಮಾತ್ರ ಸೇರುತ್ತಿರಲಿಲ್ಲ. "ಬಂದಿಲ್ಲ ಅಕ್ಕಾ" ಅನ್ನೋರು ಕೆಲವರು. "ಒತ್ತಿದ್ರೆ ಪರ್ಮಿಷನ್ ಇಲ್ಲ ಅನ್ನುತ್ತೆ" ಅನ್ನೋರು ಕೆಲವರು. ಸೊಸೆ ಕೂತು ಒಂದೊಂದೇ ಬಿಡಿಸಿದಳು. ಹಾಡಿಟ್ಟ ಜಾಗಕ್ಕೆ ಬೀಗ ಹಾಕಿದ ಹಾಗಿತ್ತಂತೆ, ಅದನ್ನು ಎಲ್ಲರಿಗೂ ತೆರೆದಿಟ್ಟಳು. ಗುರುತಿಲ್ಲದವರ ಮೆಸೇಜು ಬೇರೆ ಡಬ್ಬಿಗೆ ಹೋಗುತ್ತದಂತೆ, ಅದನ್ನು ತುಂಬ ಜನ ತೆಗೆದೇ ನೋಡೋದಿಲ್ಲವಂತೆ. ಅಲ್ಲದೆ ಒಂದೇ ಲಿಂಕನ್ನು ಕಂಡಕಂಡವರಿಗೆಲ್ಲ ಒಟ್ಟಿಗೆ ಕಳಿಸಿದರೆ ಇವರು ಮೋಸಗಾರರು ಅಂತ ಆಪು ತಡೆದುಬಿಡುತ್ತದಂತೆ.

"ತಡೀದೆ ಇನ್ನೇನು?" ಅಂದೆ ನಾನು. "ಬಾಗಿಲಲ್ಲಿ ನಿಂತವ್ರ ಮೇಲೆ ತಾಂಬೂಲ ಎಸೆದ ಹಾಗಾಯ್ತಲ್ಲ. ಮೊದ್ಲು ಒಳಗೆ ಕರೀಬೇಕು. ಕೂತ್ಕೊಂಡ್ಮೇಲೆ ಕೊಡ್ಬೇಕು."

ಸೊಸೆ ನಕ್ಕಳು. "ಅತ್ತೆ, ಆಪಿನೋರೂ ಅದನ್ನೇ ಹೇಳೋದು. ಮೊದ್ಲು ಲಿಂಕಿಲ್ಲದೆ ಒಂದು ಮಾತು ಕಳಿಸ್ಬೇಕು, ಕೆಳಗೊಂದು ಬಟನ್ ಇಡ್ಬೇಕು. ಅವ್ರು ಒತ್ತಿದ್ರೆ ಗುರುತಾದಂಗೆ. ಆಮೇಲೆ ಲಿಂಕ್ ಹೋಗುತ್ತೆ."

ಆ ಮೊದಲನೇ ಮಾತು ಏನಿರಲಿ ಅಂತ ಅಕ್ಕನನ್ನು ಕೇಳಿದೆವು. ತುಂಬ ಹೊತ್ತು ಯೋಚನೆ ಮಾಡಿ ಸ್ಲೇಟಿನಲ್ಲಿ ಬರೆದರು: "ಬಂದ್ಯಾ? ಬಾ, ಕೂತ್ಕೋ. ಹಾಡು ಕೊಡ್ಲಾ?"

"ಗೊತ್ತಿಲ್ದೋರಿಗೆ ಹಿಂಗಂದ್ರೆ ಬೇಜಾರ್ ಮಾಡ್ಕೊಳ್ಳಲ್ವಾ ದೊಡ್ಡತ್ತೆ?"

ಅಕ್ಕ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಸೊಸೆ ಹಾಗೇ ಇಟ್ಟಳು. ಅದರ ಕೆಳಗೆ ಬಟನ್ ಮೇಲೆ "ಕೊಡು" ಅಂತ ಬರೆದಳು. ಅವತ್ತಿನಿಂದ ಲಿಂಕು ಒಂದೂ ತಪ್ಪದ ಹಾಗೆ ಹೋಗತೊಡಗಿತು. ದಾವಣಗೆರೆಯವರು, ಮಂಡ್ಯದವರು, ಎಲ್ಲೆಲ್ಲಿಯವರೋ ಕೇಳಿದರು. ಒಬ್ಬರು ಮಾತ್ರ, "ಏನ್ರೀ, ನಾನೇನು ನಿಮ್ಮನೆ ಪಕ್ಕದೋಳಾ, ಬಂದ್ಯಾ ಅನ್ನೋಕೆ?" ಅಂತ ಬರೆದರು. ಅಕ್ಕನಿಗೆ ಓದಿ ಹೇಳಿದರೆ ಸದ್ದಿಲ್ಲದೆ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು.

ದಿನಾ ಬೆಳಿಗ್ಗೆ ಅವರ ಸ್ಲೇಟಿನಲ್ಲಿ ಅದೇ ಪ್ರಶ್ನೆ. "ಎಷ್ಟು ಜನ?" ಹೇಳಿದ ಮೇಲೆ, "ಎಲ್ಲಿಯವರು?" ನಾನು ಊರು ಓದುತ್ತಾ ಹೋದರೆ ಹುಬ್ಬು ಎತ್ತಿ ಕೇಳೋರು. ಎಲ್ಲಾ ಮುಗಿದ ಮೇಲೆ ಹುಬ್ಬು ಇಳಿಯೋದು. ಒಂದು ದಿನ ನಾನೇ ಬಾಯಿಬಿಟ್ಟೆ.

"ಅಕ್ಕ, ಅಮೃತಾಪುರದವ್ರ ಮನೆ ನಂಬರ್ ಹುಡುಕಿ ನಾನೇ ಕಳಿಸ್ಬಿಡ್ಲಾ?"

ಸ್ಲೇಟಿನಲ್ಲಿ ಒಂದೇ ಮಾತು ಬರೆದರು. "ಅವ್ಳಾಗೇ ಕೇಳ್ಲಿ."

ಅಕ್ಕನ ಹಟ ನನಗೆ ಗೊತ್ತು. ಅದು ಹಟ ಅಷ್ಟೇ ಅಲ್ಲ, ಭಯವೂ ಇತ್ತು ಅಂತ ಈಗ ಅನ್ನಿಸುತ್ತದೆ. ತಾವಾಗಿ ಕಳಿಸಿ, ಆ ಕಡೆಯವರು ತೆರೆದೂ ನೋಡದೆ ಹೋದರೆ ಏನು ಮಾಡೋದು ಅಂತ ಇರಬೇಕು. ಅವಳಾಗೇ ಕೇಳಿದರೆ ಕೈಗೆ ಸೇರಬೇಕು, ಅದೊಂದು ತಪ್ಪಬಾರದು. ಅಷ್ಟನ್ನು ನಾನು ನೋಡಿಕೊಳ್ಳಬೇಕಿತ್ತು.

ಸೊಸೆ ತನ್ನ ತಮ್ಮನ ಮದುವೆಗೆ ಅಂತ ತವರಿಗೆ ಹೋದಳು. ಹೋಗುವಾಗ ಪೇಜು ಹೇಗೆ ನೋಡೋದು, ಮಿಶಿನ್ನು ಎಲ್ಲಿ ಆನು, ಎಲ್ಲಿ ಆಫು ಅಂತ ನನ್ನ ಫೋನಿಗೆ ಹಾಕಿ ತೋರಿಸಿಕೊಟ್ಟಿದ್ದಳು. ಆ ಮದುವೆ ಮುಗಿದ ಮಾರನೇ ದಿನ, ಅವಳಿನ್ನೂ ತವರಿನಲ್ಲೇ ಇದ್ದಾಗ, ನಮ್ಮ ದಾಯಾದಿ ಪೈಕಿ ಒಬ್ಬ ಹಿರಿಯರು ತೀರಿಕೊಂಡರು. ತುಂಬು ವಯಸ್ಸು. ನಮಗೆಲ್ಲ ಹತ್ತು ದಿನ ಸೂತಕ.

ಸೂತಕ ಅಂದರೆ ನಮ್ಮನೆಯಲ್ಲಿ ದೇವರಿಗೆ ದೀಪ ಹಚ್ಚುವುದಿಲ್ಲ. ಯಾರನ್ನೂ ಒಳಗೆ ಕರೆಯುವುದಿಲ್ಲ, ಕೈಯಿಂದ ಏನನ್ನೂ ಕೊಡುವುದಿಲ್ಲ, ಕುಂಕುಮದ ಬಟ್ಟಲಂತೂ ಮುಟ್ಟುವುದೇ ಇಲ್ಲ. ನಾನು ದೇವರಮನೆ ಬಾಗಿಲು ಹಾಕುತ್ತಿದ್ದೆ, ಆಗ ಫೋನು ಟಿಣ್ ಅಂತು. ಹಾಸನದ ಯಾರೋ ಮದುವಣಗಿತ್ತಿಯ ತಾಯಿ "ಹಾಡು" ಅಂತ ಕೇಳಿದ್ದರು, ಮಿಶಿನ್ನು "ಬಾ, ಕೂತ್ಕೋ" ಅಂತ ಆಗಲೇ ಕರೆದಾಗಿತ್ತು. ಸೂತಕದ ಮನೆಯಿಂದ ಒಂದು ಹೆಣ್ಣಿನ ಹಸೆಗೆ ಹಾಡು ಹೋಗುತ್ತಿದೆಯಲ್ಲ! ಆ ಮಗುವಿಗೆ ಏನಾದರೂ ಕೆಟ್ಟದ್ದಾದರೆ ಪಾಪ ಯಾರಿಗೆ? ಹೋಗಿ ಮಿಶಿನ್ನು ಆಫ್ ಮಾಡಿದೆ. ಅಕ್ಕನಿಗೆ ಹೇಳಲಿಲ್ಲ. ಸಾವಿನ ಸುದ್ದಿಗೆ ಅವರು ಕುಗ್ಗಿಹೋಗಿದ್ದರು, ಆ ಹತ್ತು ದಿನ ಅವರೂ ಏನೂ ಕೇಳಲಿಲ್ಲ.

ಹನ್ನೊಂದನೇ ದಿನ ಮನೆ ತೊಳೆದು, ತಲೆಗೆ ನೀರು ಹಾಕಿಕೊಂಡು, ಫೋನನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಿಶಿನ್ನು ಆನ್ ಮಾಡಿದೆ. ನಿಲ್ಲಿಸಿದ್ದ ಕೆಲಸವನ್ನು ಅದು ತಾನಾಗೇ ಎತ್ತಿಕೊಳ್ಳುತ್ತದೆ ಅಂದುಕೊಂಡಿದ್ದೆ. ಮನೆಕೆಲಸದವಳು ರಜಾ ಮುಗಿಸಿ ಬಂದ ಮೇಲೆ ಬಾಕಿ ಪಾತ್ರೆ ತೊಳೆಯೋದಿಲ್ಲವಾ, ಹಾಗೆ.

ಅದಾಗಿ ಸ್ವಲ್ಪ ದಿನಕ್ಕೆ ಅಕ್ಕ ಸ್ಲೇಟಿನಲ್ಲಿ ಮೊದಲ ಸಲ ಊರಿನ ಹೆಸರು ಬರೆದರು. "ಅಮೃತಾಪುರ?"

ನಾನು ಮೆಸೇಜುಗಳನ್ನೆಲ್ಲ ಮೇಲಿಂದ ಕೆಳಗಿನವರೆಗೂ ನೋಡಿದೆ. "ಇಲ್ಲ ಅಕ್ಕ," ಅಂದೆ.

ಅವರು ಸ್ಲೇಟು ಒರೆಸಿದರು. ಆಮೇಲೆ ಎಷ್ಟು ಜನ ಅಂತ ಕೇಳುವುದನ್ನೂ ಬಿಟ್ಟರು. ಅದಾಗಿ ಒಂದು ತಿಂಗಳಿಗೆ ಅವರೂ ಹೋದರು. ಬೆಳಿಗ್ಗೆ ಗಂಜಿ ಕುಡಿದು, ಗೋಡೆಗೊರಗಿ ಕೂತಿದ್ದವರು ಹಾಗೇ ಕಣ್ಣು ಮುಚ್ಚಿದರು. ನರಳಲಿಲ್ಲ. ಅದೊಂದು ಕರುಣೆ ತೋರಿದ ಭಗವಂತ.

ಅಜ್ಜಂಪುರದಲ್ಲಿ ಮಣ್ಣು ಮಾಡಿದೆವು. ಅಮೃತಾಪುರದವರು ಮುಖ ನೋಡೋಕೂ ಬರಲಿಲ್ಲ. "ಕೊನೆಗೂ ಬರ್ಲಿಲ್ಲ ನೋಡು, ಎಂಥ ಕಲ್ಲೆದೆ," ಅಂದರು ನೆಂಟರು. ನಾನೂ ಹೌದು ಅಂತ ತಲೆಯಾಡಿಸಿದೆ. ಆಡಿಸಬಾರದಿತ್ತು.

ನಾಲ್ಕನೇ ದಿನ ಸೊಸೆ ಪೇಜಿನಲ್ಲಿ ಸುದ್ದಿ ಹಾಕೋಣ ಅಂತ ಕೂತಳು. ಹಳೇ ಕಾಮೆಂಟುಗಳನ್ನು ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಅತ್ತೆ, ನಾನು ತವರಿಗೆ ಹೋದಾಗ ಮಿಶಿನ್ ಆಫ್ ಮಾಡಿದ್ರಾ?"

"ಸೂತಕ ಇತ್ತಲ್ಲ. ಮುಗಿದ್ಮೇಲೆ ಹಾಕಿದ್ನಲ್ಲ."

"ಆಫ್ ಇದ್ದಾಗ ಬಂದ ಕಾಮೆಂಟಿಗೆ ಅದು ಹಿಂದಕ್ಕೆ ಹೋಗಿ ಉತ್ತರ ಕೊಡಲ್ಲ ಅತ್ತೆ."

ಫೋನು ಕೈಗೆ ಕೊಟ್ಟಳು. ಯಾರೋ ಹೆಣ್ಣುಮಗಳ ಫೋಟೋ. "ಹಾಡು. ನಮ್ಮತ್ತೆಗೆ ಬೇಕಂತೆ, ಅಮೃತಾಪುರ" ಅಂತ ಇತ್ತು. ಅದರ ಕೆಳಗೆ ಎರಡು ದಿನ ಬಿಟ್ಟು, "ಲಿಂಕ್ ಬಂದಿಲ್ಲ ಅಕ್ಕ." ಇನ್ನೂ ನಾಲ್ಕು ದಿನ ಬಿಟ್ಟು, "ಅತ್ತೆ ದಿನಾ ಕೇಳ್ತಿದಾರೆ. ದಯವಿಟ್ಟು ಕಳಿಸಿ." ಮೂರೂ ಆ ಹತ್ತು ದಿನದೊಳಗೆ ಬಂದದ್ದು. ಆಮೇಲೆ ಏನೂ ಇಲ್ಲ. ನಾನು ಮೆಸೇಜಿನ ಡಬ್ಬಿ ನೋಡಿದ್ದೆ, ಕಾಮೆಂಟು ನೋಡಿರಲಿಲ್ಲ. ಅಕ್ಕ ಊರಿನ ಹೆಸರು ಬರೆದು ಕೇಳಿದ ದಿನ ಅದು ಅಲ್ಲೇ ಇತ್ತು.

"ಈಗ್ಲೇ ಕಳಿಸ್ಬಿಡ್ಲಾ ಅತ್ತೆ?" ಅಂದಳು ಸೊಸೆ.

"ಬೇಡ. ನಾನೇ ಹೋಗ್ತೀನಿ."

"ಮತ್ತೆ ಈ ಸೂತಕಕ್ಕೆ ಆಫ್ ಮಾಡ್ಲಾ?"

ನಾನು ಮುಚ್ಚಿದ್ದ ದೇವರಮನೆ ಬಾಗಿಲ ಕಡೆ ನೋಡಿದೆ. "ಇರ್ಲಿ," ಅಂದೆ. "ಕೇಳಿದೋರಿಗೆ ಹೋಗ್ಲಿ. ದೇವ್ರು ಕೇಳಿದ್ರೆ ನಾನು ಹೇಳ್ಕೋತೀನಿ."

ಕಾರ್ಯ ಎಲ್ಲ ಮುಗಿದ ಮೇಲೆ ಬೆಳಗಿನ ಬಸ್ಸಿಗೆ ತರೀಕೆರೆಗೆ ಹೋಗಿ, ಅಲ್ಲಿಂದ ಅಮೃತಾಪುರದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಒಂದು ಸುಳ್ಳು ಕಟ್ಟುತ್ತಾ ಹೋದೆ. ನೀವು ಕೇಳಿದ್ದು ಅಕ್ಕನಿಗೆ ಗೊತ್ತಿತ್ತು, ತುಂಬ ಸಂತೋಷಪಟ್ಟರು, ಕಳಿಸೋಕೆ ಹೇಳಿದ್ದರು, ನಾನೇ ಮರೆತೆ ಅಂತ. ಗುಡಿಯ ಮುಂದೆ ಇಳಿದು, ಒಳಗೆ ಹೋಗಿ ಕೈ ಮುಗಿದೆ. ಶಿವನ ಮುಂದೆ ನಿಂತಾಗ ಆ ಸುಳ್ಳು ಬಾಯಲ್ಲಿ ನಿಲ್ಲಲಿಲ್ಲ.

ಗೆಳತಿ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನನ್ನ ನೋಡಿ ಗುರುತು ಹಿಡಿದರೂ ಕೈ ನಿಲ್ಲಿಸಲಿಲ್ಲ.

"ಕಾರ್ಯ ಎಲ್ಲಾ ಆಯ್ತಾ?"

"ಆಯ್ತು."

"ಹೂಂ. ಊರಿಗೆಲ್ಲಾ ಹಂಚಿದ್ಳಂತೆ. ಮಂಡ್ಯಕ್ಕೆ ಹೋಯ್ತಂತೆ, ದಾವಣಗೆರೆಗೆ ಹೋಯ್ತಂತೆ. ಪಕ್ಕದ ಅಮೃತಾಪುರಕ್ಕೆ ಬರ್ಲಿಲ್ಲ. ಮೂರ್ ಸತಿ ಕೇಳಿಸ್ದೆ ನಮ್ ಸೊಸೆ ಕೈಲಿ. ನಾಚ್ಕೆ ಬಿಟ್ಟು ಮೂರ್ ಸತಿ." ಒಂದು ಬೀಜ ಎಸೆದರು. "ಸಾಯೋ ಕಾಲಕ್ಕೂ ಬುದ್ಧಿ ಬರ್ಲಿಲ್ಲ ಅವ್ಳಿಗೆ ಅಂದ್ಕೊಂಡೆ. ಅದಕ್ಕೇ ಮಣ್ಣಿಗೂ ಬರ್ಲಿಲ್ಲ ನಾನು."

ನಾನು ಎಲ್ಲ ಹೇಳಿದೆ. ಸೂತಕ, ಮಿಶಿನ್ನು, ಹಾಸನದ ಮದುವಣಗಿತ್ತಿ, ನೋಡದೇ ಬಿಟ್ಟ ಕಾಮೆಂಟು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವರು ಕೈ ನಿಲ್ಲಿಸಿ ನನ್ನೇ ನೋಡಿದರು.

"ಮಿಶಿನ್ನಿಗೂ ಸೂತಕ ಹಿಡಿಸಿದ್ಯಾ, ಪುಣ್ಯಾತ್ಗಿತ್ತಿ?"

ನಗುತ್ತಾರೇನೋ ಅಂದುಕೊಂಡೆ. ನಗಲಿಲ್ಲ. ಮೆಲ್ಲಗೆ ಕೇಳಿದರು, "ನಾನು ಕೇಳಿದ್ದು ಅವ್ಳಿಗೆ ಗೊತ್ತಾಗಿತ್ತಾ?"

"ಇಲ್ಲ," ಅಂದೆ. "ದಿನಾ ಕಾಯ್ತಿದ್ರು. ಅಮೃತಾಪುರ ಅಂತ ಸ್ಲೇಟಲ್ಲಿ ಬರೆದೂ ಕೇಳಿದ್ರು. ನಾನು ಇಲ್ಲ ಅಂದ್ಬಿಟ್ಟೆ."

ಅವರು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಬಿಡಿಸಿದ ಹಣ್ಣನ್ನು ಒಂದು ಕಡೆ ಗುಡ್ಡೆ ಮಾಡಿದರು, ಬೀಜ ಒಂದು ಕಡೆ. ಒಳಗಿಂದ ಅವರ ಸೊಸೆ ಬಂದು ಕಂಬಕ್ಕೊರಗಿ ನಿಂತಳು. ನಾನು ಫೋನು ತೆಗೆದು, "ಇಲ್ಲೇ ಇದೆ, ಹಾಕ್ತೀನಿ," ಅಂದೆ.

"ಹಂಗ್ ಬೇಡ. ನಾನು ಕೇಳಿದ್ನಲ್ಲ, ಕೇಳಿದಂಗೇ ಬರ್ಲಿ." ಸೊಸೆ ಕಡೆ ತಿರುಗಿದರು. "ಇನ್ನೊಂದ್ ಸತಿ ಬರಿಯೇ."

ಸೊಸೆ ಬರೆದಳು. ಮೂವರೂ ಅವಳ ಫೋನನ್ನೇ ನೋಡುತ್ತಾ ಕೂತೆವು. ಜಗುಲಿಯಲ್ಲಿ ಸಿಗ್ನಲ್ ಇಲ್ಲ ಅಂತ ಅಂಗಳಕ್ಕೆ ಇಳಿದೆವು. ಟಿಣ್ ಅಂತು. ಸೊಸೆ ಓದಿದಳು, "ಬಂದ್ಯಾ? ಬಾ, ಕೂತ್ಕೋ. ಹಾಡು ಕೊಡ್ಲಾ?"

ಗೆಳತಿ ಅಲ್ಲೇ ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟರು. "ಇದು ಅವ್ಳೇ ಬರೆದಿದ್ದಾ?"

"ಅವ್ರೇ."

ಬಟನ್ ತಾವೇ ಒತ್ತಬೇಕು ಅಂದರು. ಹೆಬ್ಬೆಟ್ಟಿನ ತುಂಬ ಹುಣಸೆಹಣ್ಣಿನ ಅಂಟು. ಒತ್ತಿದರೆ ತಗೊಳ್ಳಲಿಲ್ಲ. ಮತ್ತೆ ಒತ್ತಿದರು, ತಗೊಳ್ಳಲಿಲ್ಲ. ನಾನು ನನ್ನ ಸೆರಗಿನಲ್ಲಿ ಅವರ ಬೆರಳನ್ನೂ ಫೋನನ್ನೂ ಒರೆಸಿದೆ. ಮೂರನೇ ಸಲಕ್ಕೆ ಹೋಯಿತು. ಲಿಂಕು ಬಂತು, ತೆರೆಯಿತು.

ಹಸೆಗೆ ಕರೆಯುವ ಹಾಡು. ಅಕ್ಕನ ದನಿ ಒಂದು ಸಾಲು ಹೇಳಿ ನಿಂತಿತು. ನಮ್ಮ ದೇವರಮನೆಯ ನಿಶ್ಶಬ್ದ ಅವರ ಅಂಗಳದಲ್ಲಿ ಕೇಳಿಸಿತು. ಗೆಳತಿಯ ತುಟಿ ಅಲುಗಿತು, ದನಿ ಬರಲಿಲ್ಲ. ಅಷ್ಟರಲ್ಲಿ ಅಕ್ಕ ಮುಂದಿನ ಸಾಲಿಗೆ ಹೋಗಿಯಾಗಿತ್ತು.

"ನೋಡು ನೋಡು," ಅಂದರು ಗೆಳತಿ, ಕಣ್ಣು ಒರೆಸಿಕೊಳ್ಳುತ್ತಾ. "ಇವತ್ತಿಗೂ ಜಾಗ ಕಮ್ಮಿ ಬಿಡ್ತಾಳೆ. ಉಸ್ರು ತಗೊಳ್ಳೋಕ್ ಬಿಡಲ್ಲ." ಆಮೇಲೆ ಸೊಸೆಗೆ, "ಹಿಂದಕ್ಕೆ ಹಾಕು. ಮೊದ್ಲಿಂದ."

ನಾನು ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. ಅವರು ತಡೆಯಲೂ ಇಲ್ಲ, ಹೋಗಿಬಾ ಅನ್ನಲೂ ಇಲ್ಲ. ಗೇಟು ದಾಟುವಾಗ ಹಾಡು ನಾಲ್ಕನೇ ಸಲವೋ ಐದನೇ ಸಲವೋ ಮೊದಲಿಂದ ಶುರುವಾಗಿತ್ತು. ಆ ನಡುವಿನ ಜಾಗದಲ್ಲಿ ಒಂದು ದನಿ ಕೇಳಿಸಿತು, ಒಡಕು ದನಿ. ಸಾಲು ಪೂರ್ತಿಯಾಗಲಿಲ್ಲ, ಕೊನೆಯ ಮಾತಿನ ಮೇಲೆ ಅಕ್ಕ ಬಂದುಬಿಟ್ಟರು. ನಾನು ತಿರುಗಿ ನೋಡಲಿಲ್ಲ.

ಈಗ ದಿನಾ ದೇವರಿಗೆ ದೀಪ ಹಚ್ಚಿದ ಮೇಲೆ ಕಾಮೆಂಟುಗಳನ್ನು ಕೆಳಗಿಂದ ಮೇಲಿನವರೆಗೆ ನಾನೇ ಓದುತ್ತೇನೆ. ಮಿಶಿನ್ನಿನ ಕಣ್ಣಿಗೆ ತಪ್ಪಿದವರು ಒಬ್ಬಿಬ್ಬರು ಯಾವತ್ತೂ ಇರುತ್ತಾರೆ. ಅವರಿಗೆ ಕೈಯಾರೆ ಬರೆಯುತ್ತೇನೆ, ಅಕ್ಕ ಬರೆದ ಹಾಗೇ. ಸೇರಿತು ಅಂತ ಅವರು ಹೇಳುವ ತನಕ ಫೋನು ಕೆಳಗಿಡುವುದಿಲ್ಲ. ದೇವರು ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ಎಣಿಸಿಕೊಂಡು ಕೈ ಮುಗಿಯುವುದು ನನ್ನ ರೂಢಿ. ಗೆಳತಿಗೆ ಹಾಡು ಸೇರಿದ್ದನ್ನು ಅದರಲ್ಲಿ ಸೇರಿಸುತ್ತೇನೆ. ಸ್ಲೇಟು ದೇವರಮನೆಯ ಗೂಡಿನಲ್ಲೇ ಇದೆ. ಅದರ ಕಡೆ ನೋಡಿದಾಗ ಮಾತ್ರ ಎಣಿಕೆ ತಪ್ಪಿಹೋಗುತ್ತದೆ, ಮತ್ತೆ ಮೊದಲಿಂದ ಶುರು ಮಾಡುತ್ತೇನೆ.